ಕೋಗಳಿ ನಾಡಿನಿಂದ ಕಂಡ ಆಹಾರದಾನ: ಹಣವಿತ್ತವರೂ ಬಡಿಸಿದವರೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ಊರುಗಳ ಹೆಸರು ಕೇಳಿದಾಗ ನಾಡಿನ ಜನರಿಗೆ ನೆನಪಾಗುವುದು ಕೊಟ್ಟೂರೇಶ್ವರನ ತೇರು, ಮೈಲಾರದ ಕಾರಣಿಕ ಮತ್ತು ಮಳೆಯನ್ನೇ ನೆಚ್ಚಿದ ಜೋಳ, ಸಜ್ಜೆಯ ಹೊಲಗಳು. ೨೦೨೧ರಿಂದ ವಿಜಯನಗರ ಜಿಲ್ಲೆಯಲ್ಲಿರುವ ಈ ತಾಲ್ಲೂಕುಗಳು ಅದಕ್ಕೆ ಮೊದಲು ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಹರಪನಹಳ್ಳಿ ಮಾತ್ರ ೧೯೯೭ರಿಂದ ೨೦೧೮ರವರೆಗೆ ದಾವಣಗೆರೆಯ ಕಡೆಗಿತ್ತು. ಈ ಸೀಮೆಗೆ ಪ್ರಾಚೀನವಾದ ಜೈನ ಇತಿಹಾಸವುಂಟೆಂಬುದು ಜೈನ ಸಮಾಜದವರಲ್ಲಿಯೇ ಅನೇಕರ ಗಮನಕ್ಕೆ ಬಂದಿಲ್ಲ. ಶಾಸನಗಳ ಕಾಲದಲ್ಲಿ ಇಲ್ಲಿ ‘ಕೋಗಳಿ ಐನೂರು’ ಎಂಬ ನಾಡಿತ್ತು. ಅದಕ್ಕೆ ಹೆಸರು ಕೊಟ್ಟ ಕೋಗಳಿ ಹಿಂದೆ ಹಡಗಲಿ ತಾಲ್ಲೂಕಿನಲ್ಲಿದ್ದು ಈಗ ಹಗರಿಬೊಮ್ಮನಹಳ್ಳಿ ತಾಲ್ಲೂಕಿಗೆ ಸೇರಿದ ಗ್ರಾಮ. ಅಲ್ಲಿಯ ಬಸದಿಯನ್ನು ಗಂಗ ದೊರೆ ದುರ್ವಿನೀತನು ಕಟ್ಟಿಸಿದನೆಂದು ಕಲ್ಯಾಣ ಚಾಲುಕ್ಯ ತ್ರೈಲೋಕ್ಯಮಲ್ಲನ ಕಾಲದ, ಕ್ರಿ.ಶ. ೧೦೫೫ರ ಶಾಸನವೊಂದು ಹೇಳುತ್ತದೆ. ಇಂದ್ರಕೀರ್ತಿ ಮುನಿಗಳು ಆ ಬಸದಿಗೆ ದತ್ತಿ ಕೊಟ್ಟದ್ದು ಆ ಶಾಸನದ ವಿಷಯ.

ಇನ್ನೂರಿಪ್ಪತ್ತು ವರ್ಷಗಳ ನಂತರ, ಹೊಯ್ಸಳ ರಾಮನಾಥನ ಕಾಲದಲ್ಲಿ, ಸುಮಾರು ೧೨೭೬ರಲ್ಲಿ, ಅದೇ ಕೋಗಳಿಯಲ್ಲಿ ಇನ್ನೊಂದು ಬಗೆಯ ಬರಹ ಕಾಣಿಸುತ್ತದೆ. ಇಲ್ಲಿರುವುದು ರಾಜನೊಬ್ಬನ ದೊಡ್ಡ ದಾನವಲ್ಲ. ಚೆನ್ನಪಾರ್ಶ್ವನಾಥ ಸ್ವಾಮಿಯ ನಿತ್ಯಾಭಿಷೇಕಕ್ಕಾಗಿ ಹಲವು ಮಂದಿ ಹಣ ಕೊಟ್ಟದ್ದು ಹೆಸರು ಹೆಸರಾಗಿ ದಾಖಲಾಗಿದೆ. ಇಂದಿನ ಬಸದಿಗಳ ಗೋಡೆಯ ಮೇಲೆ ಕಾಣುವ ‘ಶಾಶ್ವತ ಪೂಜಾ ನಿಧಿ’ಯ ಫಲಕಕ್ಕೆ ಇದು ಏಳೂವರೆ ಶತಮಾನ ಹಿಂದಿನ ಪೂರ್ವರೂಪವೆಂದರೆ ತಪ್ಪಾಗದು. ಆದರೆ ನಿತ್ಯವೂ ಹಸುವನ್ನು ಕರೆದವರು, ಬಾವಿಯಿಂದ ನೀರು ಸೇದಿ ಗಾಳಿಸಿದವರು, ಪಾತ್ರೆ ಬೆಳಗಿದವರು ಯಾರೆಂದು ಇಂತಹ ಬರಹಗಳು ಹೇಳುವುದಿಲ್ಲ. ಕರ್ನಾಟಕದ ಜೈನ ಶಾಸನಗಳಲ್ಲಿ ಬಸದಿಯ ಜೀರ್ಣೋದ್ಧಾರ, ದೇವರ ಅಷ್ಟವಿಧಾರ್ಚನೆ, ಋಷಿಯರ ಆಹಾರದಾನ ಎಂಬ ಮೂರು ಉದ್ದೇಶಗಳು ಜೊತೆಜೊತೆಯಾಗಿ ಮತ್ತೆ ಮತ್ತೆ ಬರುತ್ತವೆ. ಆಹಾರದಾನಕ್ಕೆ ಬಿಟ್ಟ ಭೂಮಿಯ ಎಲ್ಲೆಗಳನ್ನು ಕೆರೆ, ಹುಣಿಸೆಮರ, ನೆಟ್ಟ ಕಲ್ಲುಗಳ ಗುರುತಿನಿಂದ ವಿವರವಾಗಿ ಹೇಳುವ ಶಾಸನಗಳು ಅಡುಗೆಮನೆಯ ಬಾಗಿಲಲ್ಲಿಯೇ ನಿಂತುಬಿಡುತ್ತವೆ.

ಶಾಸನಗಳ ಈ ಮೌನಕ್ಕೆ ಪುರಾಣದಲ್ಲಿ ಉತ್ತರ ದೊರೆಯುತ್ತದೆ. ಆದಿತೀರ್ಥಂಕರ ವೃಷಭದೇವರು ದೀಕ್ಷೆಯ ನಂತರ ದೀರ್ಘಕಾಲ ಉಪವಾಸವಿದ್ದು ಆಹಾರಕ್ಕಾಗಿ ಊರೂರು ವಿಹರಿಸಿದಾಗ ನಡೆದ ಸಂಗತಿ ಪ್ರತಿಯೊಂದು ಜೈನ ಮನೆಯ ಮಗುವಿಗೂ ಗೊತ್ತು. ಜನ ದರಿದ್ರರಾಗಿರಲಿಲ್ಲ, ಲೋಭಿಗಳೂ ಆಗಿರಲಿಲ್ಲ. ಆನೆ ತಂದರು, ಕುದುರೆ ತಂದರು, ರತ್ನಾಭರಣಗಳನ್ನು ತಂದರು, ಕನ್ಯೆಯರನ್ನೂ ಕರೆತಂದರು. ಭಗವಂತನಿಗೆ ಬೇಕಾದದ್ದು ಒಂದು ಬೊಗಸೆ ಶುದ್ಧವಾದ ಆಹಾರ. ಅದನ್ನು ಹೇಗೆ ಕೊಡಬೇಕೆಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ. ಕೊನೆಗೆ ಹಸ್ತಿನಾಪುರದಲ್ಲಿ ಶ್ರೇಯಾಂಸಕುಮಾರನು ಕಬ್ಬಿನ ರಸವನ್ನು ವಿಧಿಪೂರ್ವಕ ನೀಡಿದನು. ಆ ದಿನ ಅಕ್ಷಯ ತೃತೀಯೆಯಾಯಿತು. ಅವನಿಗೆ ಆ ವಿಧಿಯನ್ನು ಕಲಿಸಿದವರಾರು? ಪೂರ್ವಭವದಲ್ಲಿ ಅವನ ಜೀವ ಶ್ರೀಮತಿಯಾಗಿತ್ತು, ವೃಷಭದೇವರ ಜೀವ ವಜ್ರಜಂಘನಾಗಿತ್ತು. ಆ ದಂಪತಿಗಳು ಕಾಡಿನ ಸರೋವರದ ಬಳಿ ಚಾರಣಮುನಿಗಳಿಗೆ ಆಹಾರ ನೀಡಿದ್ದರು. ಆ ಸ್ಮರಣೆ ಶ್ರೇಯಾಂಸನಲ್ಲಿ ಮೂಡಿತು. ಸಂಪತ್ತಿಗೇನೂ ಕೊರತೆಯಿಲ್ಲದ ಕಾಲದಲ್ಲಿ, ಬಡಿಸುವ ಕ್ರಮವನ್ನು ಬಲ್ಲ ಒಂದು ಜೋಡಿ ಕೈಗಳಿಗಾಗಿ ತೀರ್ಥಂಕರರೇ ಕಾಯಬೇಕಾಯಿತು. ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣದಿಂದ ೯೪೧ರ ಪಂಪನ ಕನ್ನಡ ಆದಿಪುರಾಣಕ್ಕೆ ಬಂದ ಈ ಕಥೆಯನ್ನು ಸಾಮಾನ್ಯವಾಗಿ ದಾನದ ಮಹಿಮೆಗೆ ಉದಾಹರಣೆಯಾಗಿ ಹೇಳುತ್ತಾರೆ. ಅದನ್ನು ಸೇವೆಯ ತಿಳಿವಳಿಕೆಯ ಕಥೆಯೆಂದು ಓದುವುದು ಹೆಚ್ಚು ಉಚಿತ.

ಆ ತಿಳಿವಳಿಕೆ ಮರೆತುಹೋಗುವುದು ಪುರಾಣಕಾಲಕ್ಕೆ ಮಾತ್ರ ಸೇರಿದ ಮಾತಲ್ಲ. ಚಾರಿತ್ರ ಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮುನಿಮಹಾರಾಜರು (೧೮೭೨–೧೯೫೫) ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಮನೆತನದವರು. ಅವರು ದೀಕ್ಷೆ ಪಡೆದ ಕಾಲಕ್ಕೆ ನಿರ್ಗ್ರಂಥ ಮುನಿಗಳೇ ವಿರಳರಾಗಿದ್ದರು. ಮುನಿಗಳು ಯಾವ ಮನೆಗೆ ಬರಬೇಕೆಂಬುದನ್ನು ಉಪಾಧ್ಯಾಯರು ಮೊದಲೇ ಗೊತ್ತುಮಾಡುವ ರೂಢಿ ಬೆಳೆದುಬಿಟ್ಟಿತ್ತು. ಆ ರೂಢಿಯನ್ನು ಶಾಂತಿಸಾಗರರು ಒಪ್ಪದೆ ಶಾಸ್ತ್ರೋಕ್ತ ಆಹಾರಚರ್ಯೆಯನ್ನು ಮತ್ತೆ ನೆಲೆಗೊಳಿಸಿದರೆಂದು ಅವರ ಚರಿತ್ರೆಗಳು ತಿಳಿಸುತ್ತವೆ. ಇದರಿಂದ ಒಂದು ಮನೆಯ ಬದಲು ಓಣಿಯ ಮನೆಮನೆಯಲ್ಲೂ ಶುದ್ಧ ಅಡುಗೆ ಸಿದ್ಧವಾಗಬೇಕಾಯಿತು, ಬಾಗಿಲಲ್ಲಿ ನಿಂತು ಸ್ವಾಗತಿಸುವ ಕ್ರಮವನ್ನು ಮನೆಮಂದಿಯೆಲ್ಲ ಕಲಿಯಬೇಕಾಯಿತು. ಪ್ರತಿಗ್ರಹ, ಉಚ್ಚಸ್ಥಾನ, ಪಾದಪ್ರಕ್ಷಾಲನ, ಅರ್ಚನೆ, ಪ್ರಣಾಮ, ಮನ-ವಚನ-ಕಾಯಗಳ ಶುದ್ಧಿ, ಆಹಾರಶುದ್ಧಿ ಎಂಬ ನವಧಾ ಭಕ್ತಿಯನ್ನು ಇಂದಿನ ಶ್ರಾವಕರು ಬಲ್ಲರೆಂದರೆ ಅದಕ್ಕೆ ಹಿಂದಿನ ಮೂರು ನಾಲ್ಕು ತಲೆಮಾರುಗಳ ಅಡುಗೆಮನೆಯ ಅಭ್ಯಾಸವೇ ಕಾರಣ.

ಈ ಅಭ್ಯಾಸದಲ್ಲಿ ಶ್ರಮವೆಷ್ಟೆಂಬುದನ್ನು ಹೊರಗಿನವರು ಬೇಗ ಅರಿಯಲಾರರು. ಅಡುಗೆಯೆಂಬುದೇ ಜೈನ ದೃಷ್ಟಿಯಲ್ಲಿ ಆರಂಭ, ಅಂದರೆ ಹಿಂಸೆಯ ಸಂಭವವಿರುವ ಕಾರ್ಯ. ಒರಳು, ಬೀಸುವ ಕಲ್ಲು, ಒಲೆ, ನೀರಿನ ಕೊಡ, ಕಸಬರಿಗೆ ಇವು ಐದೂ ಗೃಹಸ್ಥನ ಮನೆಯಲ್ಲಿ ಸೂಕ್ಷ್ಮಜೀವಿಗಳ ಹತಿಗೆ ಕಾರಣವಾಗುವ ಸ್ಥಾನಗಳೆಂದು ಹಿರಿಯರು ಗುರುತಿಸಿದರು. ಈ ಆರಂಭಗಳಿಂದ ದೂರವಾದ ತ್ಯಾಗಿಗಳಿಗೆ ಗೃಹಸ್ಥನು ಮಾಡುವ ಸತ್ಕಾರವು, ಮನೆಗೆಲಸದಿಂದ ಸಂಚಿತವಾದ ಕರ್ಮವನ್ನು ನೀರು ರಕ್ತದ ಕಲೆಯನ್ನು ತೊಳೆಯುವಂತೆ ತೊಳೆಯುತ್ತದೆಂಬುದು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರ ಅಭಿಪ್ರಾಯ. ಆದ್ದರಿಂದ ಎಚ್ಚರ ತಪ್ಪಿದ ಅಡುಗೆಮನೆಯಿಂದ ದಾನವೂ ಕೆಡುತ್ತದೆ. ನೀರನ್ನು ಎರಡು ಪದರದ ದಪ್ಪ ಬಟ್ಟೆಯಲ್ಲಿ ಗಾಳಿಸಬೇಕು. ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಗಾಳಿಸಿದ ನೀರಿನಿಂದಲೇ ತೊಳೆದು ಅದೇ ಬಾವಿಗೆ ಮೆಲ್ಲನೆ ಇಳಿಬಿಡಬೇಕು. ಹಾಗೆ ಗಾಳಿಸಿದ ನೀರಿಗೂ ಎರಡು ಗಳಿಗೆಯ, ಅಂದರೆ ೪೮ ನಿಮಿಷಗಳ ಅವಧಿ. ಅನಂತರ ಮತ್ತೆ ಗಾಳಿಸಬೇಕು. ಬೀಸಿದ ಹಿಟ್ಟಿನ ಮರ್ಯಾದೆ ಮಳೆಗಾಲದಲ್ಲಿ ೩ ದಿನ, ಬೇಸಿಗೆಯಲ್ಲಿ ೫ ದಿನ, ಚಳಿಗಾಲದಲ್ಲಿ ೭ ದಿನ. ಕಾಳುಗಳನ್ನು ಬೆಳಕಿನಲ್ಲಿ ಹಸನು ಮಾಡಬೇಕು, ಸೊಪ್ಪನ್ನು ಎಲೆ ಎಲೆಯಾಗಿ ನೋಡಬೇಕು. ಸೂರ್ಯೋದಯಕ್ಕೆ ಮೊದಲು ಒಲೆ ಹಚ್ಚುವಂತಿಲ್ಲ, ಸೂರ್ಯಾಸ್ತದ ನಂತರ ಉಣ್ಣುವಂತಿಲ್ಲ. ಹತ್ತು ಜನರ ಮನೆಯಲ್ಲಿ ಇದು ಗೃಹಿಣಿಯ ದಿನಚರಿ. ಐನೂರು ಜನರ ಪಂಚಕಲ್ಯಾಣ ಮಹೋತ್ಸವದಲ್ಲಿ ಇದೇ ಕ್ರಮಕ್ಕೆ ನಲವತ್ತು ಐವತ್ತು ಕೈಗಳು ಬೇಕು. ಕೂಲಿಗೆ ಬಂದವರು ಇದನ್ನು ಮಾಡಲಾರರೆಂದಲ್ಲ. ಆದರೆ ಏಕೆ ಮಾಡಬೇಕೆಂಬುದನ್ನು ಅವರಿಗೆ ಯಾರಾದರೂ ಬಳಿಯಲ್ಲಿ ನಿಂತು ಹೇಳಬೇಕು.

ಆಹಾರದಾನವು ಮುನಿಗಳಿಗೆ ಮಾತ್ರವೇ ಎಂಬ ಪ್ರಶ್ನೆ ಹಳೆಯದು. ಜಿನಸೇನರು ದತ್ತಿಯನ್ನು ನಾಲ್ಕು ವಿಧವಾಗಿ ವಿಂಗಡಿಸಿ ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದರು. ತ್ಯಾಗಿಗಳಿಗೆ ಭಕ್ತಿಯಿಂದ ಕೊಡುವುದು ಪಾತ್ರದತ್ತಿ, ಸಮಾನಧರ್ಮಿಗಳಿಗೆ ಆದರದಿಂದ ಕೊಡುವುದು ಸಮದತ್ತಿ. ಭಯ ಮತ್ತು ಹಸಿವೆಗಳಿಂದ ಬಳಲುವ ಯಾವುದೇ ಜೀವಿಗೆ ಅನುಕಂಪದಿಂದ ನೆರವಾಗುವುದು ದಯಾದತ್ತಿ. ಶ್ವೇತಾಂಬರ ಮನೆತನಗಳು ರಾಜಸ್ಥಾನ, ಗುಜರಾತುಗಳಿಂದ ಕನ್ನಡದ ವ್ಯಾಪಾರಸ್ಥಳಗಳಿಗೆ ತಂದ ‘ಸ್ವಾಮಿವಾತ್ಸಲ್ಯ’ದ ಸಾಮೂಹಿಕ ಭೋಜನವೂ ಸಮದತ್ತಿಯ ಮಾದರಿಯೇ. ಇಲ್ಲಿ ಚಂದನೆಯ ಕಥೆಯನ್ನು ಮರೆಯಲಾಗದು. ದಾಸಿಯಾಗಿ ಸಂಕೋಲೆಯಲ್ಲಿದ್ದ ಆಕೆಯ ಬಳಿ ಕೌಶಾಂಬಿಯಲ್ಲಿ ಇದ್ದದ್ದು ಮಣ್ಣಿನ ಪಾತ್ರೆಯಲ್ಲಿನ ಕೋದ್ರವದ ಅನ್ನ ಮತ್ತು ಹುಳಿಗಂಜಿ. ಅದನ್ನೇ ಆಕೆ ವರ್ಧಮಾನ ಮಹಾವೀರರಿಗೆ ನೀಡಿದಳು. ಕೋದ್ರವವೆಂದರೆ ಕನ್ನಡದ ಹಾರಕ, ಒಣಭೂಮಿಯ ಬಡವರ ಧಾನ್ಯ. ದಾನಿಯೇ ಹಸಿದವಳಾಗಿದ್ದ ಈ ಪ್ರಸಂಗವು, ಕೊಡುವವನು ಶ್ರೀಮಂತ, ಪಡೆಯುವವನು ದೀನ ಎಂಬ ಭಾವನೆಗೆ ಆಸ್ಪದವನ್ನೇ ಕೊಡುವುದಿಲ್ಲ.

ಈ ತತ್ತ್ವವನ್ನು ನಿತ್ಯದ ವ್ಯವಸ್ಥೆಯನ್ನಾಗಿ ಮಾಡಿದ್ದು ದಾನಶಾಲೆ. ಶ್ರವಣಬೆಳಗೊಳದಲ್ಲಿ ಅಕ್ಕನ ಬಸದಿಯ ಸಮೀಪದ ಚಿಕ್ಕ ಗುಡಿಗೆ ಇಂದಿಗೂ ದಾನಶಾಲೆ ಬಸದಿಯೆಂಬ ಹೆಸರಿದೆ. ಮೈಸೂರಿನ ದೊಡ್ಡದೇವರಾಜ ಒಡೆಯರ ಆಳ್ವಿಕೆಯಲ್ಲಿ (೧೬೫೯–೧೬೭೨) ಚಿಕ್ಕದೇವರಾಜರು ಬೆಳಗೊಳಕ್ಕೆ ಬಂದು ಅಲ್ಲಿಯ ದಾನಶಾಲೆಗೆ ಮದನೆಯ ಗ್ರಾಮವನ್ನು ದೊರಕಿಸಿದ ವಿಚಾರವು ಚಿದಾನಂದ ಕವಿಯ ಮುನಿವಂಶಾಭ್ಯುದಯದಲ್ಲಿ ಬರುತ್ತದೆ. ಕೋಗಳಿಯ ದಾನಿಗಳು ಹಣ ಕೊಟ್ಟ ಅದೇ ಶತಮಾನದಲ್ಲಿ, ಅವರಿಗಿಂತ ಇಪ್ಪತ್ತು ವರ್ಷ ಮೊದಲು, ದೂರದ ಕಚ್ಛದ ಭದ್ರೇಶ್ವರದಲ್ಲಿ ಜಗಡೂ ಶಾಹನೆಂಬ ಜೈನ ವರ್ತಕನು ಸತತ ಬರಗಾಲದಲ್ಲಿ ೧೧೨ ದಾನಶಾಲೆಗಳನ್ನು ನಡೆಸಿದನೆಂದು ಸರ್ವಾನಂದನ ಜಗಡೂಚರಿತ ಹೇಳುತ್ತದೆ. ಚರಿತಕಾವ್ಯಗಳ ಸಂಖ್ಯೆಗಳನ್ನು ಹಾಗೆಯೇ ನಂಬಬೇಕಾಗಿಲ್ಲ. ಆ ಕಾವ್ಯದ ಇನ್ನೊಂದು ವಿವರ ಹೆಚ್ಚು ಮಹತ್ತ್ವದ್ದು. ಕೈಯೊಡ್ಡಲು ನಾಚುತ್ತಿದ್ದ ಕುಲೀನರಿಗಾಗಿ ಜಗಡೂ ಲಡ್ಡುಗೆಗಳೊಳಗೆ ನಾಣ್ಯವಿರಿಸಿ ಕೊಡಿಸುತ್ತಿದ್ದನಂತೆ. ಅವಕ್ಕೆ ಲಜ್ಜಾಪಿಂಡವೆಂದು ಹೆಸರು. ಪಡೆಯುವವನ ಮಾನವನ್ನು ಕಾಯುವ ಈ ಸೂಕ್ಷ್ಮವು ನವಧಾ ಭಕ್ತಿಯಿಂದಲೇ ದಯಾದತ್ತಿಗೆ ಹರಿದು ಬಂದದ್ದು. ಮುನಿಯನ್ನು ಎತ್ತರದ ಆಸನದಲ್ಲಿ ನಿಲ್ಲಿಸಿ ಕಾಲು ತೊಳೆಯುವ ಮನೆಯವನು ಹಸಿದ ದಾರಿಹೋಕನಿಗೆ ಎಸೆದು ಕೊಡಲಾರನು.

ಮಾನವಿಲ್ಲದ ಅನ್ನ ಹೇಗಿರುತ್ತದೆಂಬುದನ್ನು ಕೋಗಳಿ ಸೀಮೆಯ ಜನ ೧೮೭೬–೭೮ರಲ್ಲಿ ಕಂಡರು. ಧಾತು, ಈಶ್ವರ ಸಂವತ್ಸರಗಳ ಆ ಬರದಲ್ಲಿ ಮದರಾಸು ಆಧಿಪತ್ಯದ ಜಿಲ್ಲೆಗಳ ಪೈಕಿ ತೀವ್ರವಾಗಿ ನೊಂದವುಗಳಲ್ಲಿ ಬಳ್ಳಾರಿ ಒಂದು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳು ಆಗ ಆ ಜಿಲ್ಲೆಯ ಭಾಗಗಳು. ೧೮೭೧ರ ಮತ್ತು ೧೮೮೧ರ ಜನಗಣತಿಗಳ ನಡುವೆ ಬಳ್ಳಾರಿ ಸೀಮೆಯ ಜನಸಂಖ್ಯೆ ಸುಮಾರು ಐದರಲ್ಲಿ ಒಂದು ಪಾಲು ಕುಗ್ಗಿತು. ೧೮೭೭ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ಲರ ಸಲಹೆಯಂತೆ, ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದೂವರೆ ಪೌಂಡಿದ್ದ ಧಾನ್ಯವನ್ನು ಒಂದು ಪೌಂಡಿಗೆ ಇಳಿಸಲಾಯಿತು. ಆಧಿಪತ್ಯದ ಆರೋಗ್ಯ ಇಲಾಖೆಯ ಮುಖ್ಯಸ್ಥ ಡಾ. ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದರು. ಕೆಲವು ತಿಂಗಳ ಮೇಲೆ ಆ ಅಳತೆಯನ್ನು ಏರಿಸಬೇಕಾಯಿತು. ದುಡಿಯಲಾರದವರಿಗೆ ಶಿಬಿರಗಳಲ್ಲಿ ಬೇಯಿಸಿದ ಅನ್ನ, ಗಂಜಿ ಸಿಗುತ್ತಿತ್ತು. ಆದರೂ ಸಾಯುವ ಸ್ಥಿತಿ ಬರುವವರೆಗೆ ಶಿಬಿರದೊಳಗೆ ಕಾಲಿಡಲು ಅನೇಕರು ಹಿಂಜರಿದರು. ಮನೆಮಠ ಬಿಟ್ಟು ಆವರಣದೊಳಗೆ ಸೇರಬೇಕು, ಯಾರೋ ಮಾಡಿದ್ದನ್ನು ಯಾರ ಜೊತೆಗೋ ಕುಳಿತು ಉಣ್ಣಬೇಕು, ಲೆಕ್ಕಪುಸ್ತಕದಲ್ಲಿ ಒಂದು ಅಂಕೆಯಾಗಬೇಕು ಎಂಬ ಅಳುಕು ಹಸಿವೆಗಿಂತ ಬಲವಾಗಿತ್ತು. ಆ ಅಳುಕಿನಲ್ಲಿ ಜಾತಿಯ ಭೇದಭಾವವೂ ಬೆರೆತಿತ್ತೆಂಬುದು ನಿಜ. ಆದರೆ ಧಾನ್ಯವನ್ನು ತೂಗಿ ಕೊಟ್ಟ ಮಾತ್ರಕ್ಕೆ ಅನ್ನದಾನವಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ಬೇಕಿಲ್ಲ.

ಜೈನರ ಸಂಖ್ಯೆ ಕಡಿಮೆಯಾಗಿರುವ ಈ ತಾಲ್ಲೂಕುಗಳಲ್ಲಿ ಸಾರ್ವಜನಿಕ ಪಂಕ್ತಿಯ ಪರಂಪರೆ ಇಂದು ಮುಖ್ಯವಾಗಿ ಉಳಿದಿರುವುದು ವೀರಶೈವ-ಲಿಂಗಾಯತ ಮಠಗಳ ದಾಸೋಹದಲ್ಲಿ. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನೂ ದಾಸೋಹವನ್ನೂ ಜೋಡಿಯಾಗಿ ಹೇಳಿದರು: ದುಡಿದು ತಂದದ್ದು ಹಂಚಿಕೆಯಾಗಬೇಕು. ರಾಜ್ಯ ಸರ್ಕಾರವು ೨೦೦೨ರಲ್ಲಿ ಬಳ್ಳಾರಿಯೂ ಸೇರಿದಂತೆ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಶಾಲಾಮಕ್ಕಳ ಮಧ್ಯಾಹ್ನದ ಊಟವನ್ನು ಆರಂಭಿಸಿದಾಗ ಅದಕ್ಕೆ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟದ್ದು ಆ ಶಬ್ದ ಜನಮನದಲ್ಲಿ ಎಷ್ಟು ಬೇರೂರಿದೆಯೆಂಬುದಕ್ಕೆ ಸಾಕ್ಷಿ. ಕೊಟ್ಟೂರಿನ ಗುರುಬಸವೇಶ್ವರ ರಥೋತ್ಸವಕ್ಕೆ ದಾವಣಗೆರೆಯೇ ಮೊದಲಾದ ಕಡೆಗಳಿಂದ ಭಕ್ತರು ಸಾವಿರಾರು ಸಂಖ್ಯೆಯಲ್ಲಿ ನಡೆದೇ ಬರುತ್ತಾರೆ. ಆ ದಾರಿಯುದ್ದಕ್ಕೂ ಊರಿನವರು ಚಪ್ಪರ ಹಾಕಿ ನೀರು, ಮಜ್ಜಿಗೆ, ಊಟಗಳನ್ನು ಸಿದ್ಧಪಡಿಸುತ್ತಾರೆ. ಹೊಲದ ಕೆಲಸ ಬಿಟ್ಟು ಬಂದವರು ಎಲೆ ಹಾಕುತ್ತಾರೆ, ಅಂಗಡಿಯವರು ಸಾರಿನ ಬಕೆಟ್ಟು ಹಿಡಿಯುತ್ತಾರೆ, ತಾಯಂದಿರು ರೊಟ್ಟಿ ಬಡಿಯುತ್ತಾರೆ. ನಡೆದು ಬಂದವನನ್ನು ಯಾವ ಊರು, ಯಾವ ಜಾತಿ ಎಂದು ಕೇಳುವ ವ್ಯವಧಾನ ಅಲ್ಲಿ ಯಾರಿಗೂ ಇರುವುದಿಲ್ಲ. ಪಾಕದ ನಿಯಮಗಳು ಅಲ್ಲಿ ಬೇರೆ, ರಾತ್ರಿಭೋಜನದ ನಿಷೇಧವಿಲ್ಲ. ಆ ಭೇದವನ್ನು ಮುಂದಿಟ್ಟು ಈ ಸೇವೆಯ ಸಹಜತೆಯನ್ನು ಕಾಣದೆ ಹೋಗುವುದು ವಿವೇಕವಲ್ಲ.

ದಯಾದತ್ತಿಯು ಜೈನ ಮನೆತನವೊಂದರ ಆಶ್ರಯದಲ್ಲಿ ಎಷ್ಟು ವಿಶಾಲವಾಗಬಲ್ಲುದೆಂಬುದಕ್ಕೆ ಧರ್ಮಸ್ಥಳವೇ ಸಾಕು. ಕುಡುಮದ ನೆಲ್ಯಾಡಿಬೀಡಿನಲ್ಲಿದ್ದ ಬಿರ್ಮಣ್ಣ ಪೆರ್ಗಡೆ ಮತ್ತು ಅಮ್ಮು ಬಲ್ಲಾಳ್ತಿ ದಂಪತಿಗಳು ಅಪರಿಚಿತ ಅತಿಥಿಗಳನ್ನು ಆದರಿಸಿ ಉಣಬಡಿಸಿದರು, ಬಂದವರು ಧರ್ಮದೈವಗಳಾಗಿದ್ದರು ಎಂಬುದು ಆ ಕ್ಷೇತ್ರದ ಐತಿಹ್ಯ. ಜೈನ ಹೆಗ್ಗಡೆಯವರ ಆಡಳಿತ, ಮಂಜುನಾಥ ಸ್ವಾಮಿಯ ಸನ್ನಿಧಿ, ವೈಷ್ಣವ ಅರ್ಚಕರು, ಜಾತಿಮತಗಳ ವಿಚಾರಣೆಯಿಲ್ಲದ ನಿತ್ಯ ಅನ್ನದಾನ ಇವೆಲ್ಲ ಒಟ್ಟಿಗಿರುವ ಸ್ಥಳ ಅದು. ಅಲ್ಲಿ ಕ್ಷೇತ್ರದ ಸ್ಥಾಪನೆಗಿಂತ ಮೊದಲು ನಡೆದದ್ದು ಊಟ. ಬೆಳಗೊಳದ ೧೯೮೧, ೧೯೯೩, ೨೦೦೬ ಮತ್ತು ೨೦೧೮ರ ಮಹಾಮಸ್ತಕಾಭಿಷೇಕಗಳ ಭೋಜನಶಾಲೆಗಳನ್ನು ಕಂಡವರಿಗೂ, ಉತ್ತರ ಕರ್ನಾಟಕದ ಪಂಚಕಲ್ಯಾಣಗಳಲ್ಲಿ ವೀರ ಸೇವಾ ದಳದ ತರುಣರ ದುಡಿಮೆಯನ್ನು ಕಂಡವರಿಗೂ ಜೈನ ಸಮಾಜದಲ್ಲಿ ಸ್ವಯಂಸೇವೆ ಬತ್ತಿಹೋಗಿದೆಯೆಂದು ಹೇಳಲು ಮನಸ್ಸಾಗದು.

ಆದರೂ ದೊಡ್ಡ ಮಹೋತ್ಸವದ ಉತ್ಸಾಹ ಬೇರೆ, ಊರ ಬಸದಿಯ ವರ್ಷದ ಊಟ ಬೇರೆ. ಈಗ ಅನೇಕ ಬಸದಿಗಳ ವಿಶ್ವಸ್ತ ಮಂಡಲಿಗಳಲ್ಲಿ ನಿಧಿ ಬೆಳೆಯುತ್ತಿದೆ, ಫಲಕದ ಹೆಸರುಗಳು ಹೆಚ್ಚುತ್ತಿವೆ. ಬಡಿಸಲು ಜನ ಸಿಗದೆ ಇಡೀ ಊಟವನ್ನು ಗುತ್ತಿಗೆಗೆ ಕೊಡುವ ಪದ್ಧತಿ ಬರುತ್ತಿದೆ. ಇದನ್ನು ಸಮರ್ಥಿಸುವವರ ಬಳಿ ಶಾಸ್ತ್ರದ ಆಧಾರವೂ ಇದೆ. ಕೃತ, ಕಾರಿತ, ಅನುಮೋದನೆ ಎಂಬ ಮೂರಕ್ಕೂ ಕರ್ಮಫಲವುಂಟು. ತಾನೇ ಮಾಡಿದರೂ, ಮಾಡಿಸಿದರೂ, ಮಾಡುವುದನ್ನು ಮೆಚ್ಚಿದರೂ ಜೀವನು ಅದರಲ್ಲಿ ಭಾಗಿ. ವಜ್ರಜಂಘನ ದಾನವನ್ನು ಕಾಡಿನಲ್ಲಿ ನೋಡಿ ಸಂತೋಷಪಟ್ಟ ಹುಲಿ, ಹಂದಿ, ಕೋತಿ, ಮುಂಗುಸಿಗಳು ಕೂಡ ಅನುಮೋದನೆಯ ಬಲದಿಂದ ಭೋಗಭೂಮಿಯಲ್ಲಿ ಹುಟ್ಟಲಿಲ್ಲವೆ? ಹಾಗಿರುವಾಗ ಹಣ ಕೊಟ್ಟು ಮಾಡಿಸಿದ ಶ್ರಾವಕನ ಪುಣ್ಯಕ್ಕೆ ಕುಂದೇನು ಎಂಬ ಪ್ರಶ್ನೆ ತಳ್ಳಿಹಾಕುವಂಥದಲ್ಲ. ಕೋಗಳಿಯ ದಾನಿಗಳೂ ಕಾರಿತದ ಮಾರ್ಗವನ್ನೇ ಹಿಡಿದವರು.

ಆದರೆ ಈ ವಾದಕ್ಕೆ ಎರಡು ಕಡೆಯೂ ಅಂಚುಂಟು. ಕೃತ, ಕಾರಿತ, ಅನುಮೋದನೆಗಳ ಲೆಕ್ಕ ಮೊದಲು ಬರುವುದು ಪಾಪಾಸ್ರವದ ಪ್ರಕರಣದಲ್ಲಿ. ಜಪಮಾಲೆಯ ೧೦೮ ಮಣಿಗಳಿಗೆ ಹೇಳುವ ವಿವರಣೆಯಲ್ಲಿ ಈ ಮೂರೂ ಸೇರಿವೆ. ಗುತ್ತಿಗೆಯ ಅಡುಗೆಯಲ್ಲಿ ನೀರು ಗಾಳಿಸದೆ ಹೋದರೆ, ಹುಳು ಬಿದ್ದ ಬೇಳೆ ಹಾಗೆಯೇ ಬೆಂದರೆ, ಬೆಳಗಿನ ಊಟಕ್ಕಾಗಿ ನಡುರಾತ್ರಿಯಲ್ಲಿ ಒಲೆ ಉರಿದರೆ, ಆ ಹಿಂಸೆಯೂ ಮಾಡಿಸಿದ ಮಂಡಲಿಗೆ ಅಷ್ಟ್ರಮಟ್ಟಿಗೆ ಬರುತ್ತದೆ. ಪುಣ್ಯದಲ್ಲಿ ಮಾತ್ರ ಕಾರಿತದ ಪಾಲು ಕೇಳಿ, ದೋಷದಲ್ಲಿ ಅದನ್ನು ಅಡುಗೆಯವನ ತಲೆಗೆ ಕಟ್ಟಲು ಬಾರದು. ಇನ್ನೊಂದು ಮಾತು: ಕಾಡಿನ ನಾಲ್ಕು ಪ್ರಾಣಿಗಳು ಅನುಮೋದಿಸಲು ಸಾಧ್ಯವಾದದ್ದು ಅಲ್ಲಿ ಶ್ರೀಮತಿಯೂ ವಜ್ರಜಂಘನೂ ಸ್ವಹಸ್ತದಿಂದ ನೀಡುತ್ತಿದ್ದುದರಿಂದ. ಮುಂದೊಂದು ಭವದಲ್ಲಿ ವಿಧಿ ನೆನಪಾದದ್ದು ನೀಡಿದ ಜೀವಕ್ಕೆ.

ಗುತ್ತಿಗೆಯನ್ನು ಪೂರ್ತಿಯಾಗಿ ಬಿಡುವುದು ಈಗಿನ ಸಣ್ಣ ಊರುಗಳಲ್ಲಿ ಆಗದ ಮಾತು. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಮನೆಯಲ್ಲಿರುವವರಿಗೆ ಮಂಡಿನೋವು. ದೊಡ್ಡ ಹಂಡೆಗಳನ್ನು ಇಳಿಸಲು ಕೂಲಿಯಾಳುಗಳು ಬರಲಿ. ಅವರಿಗೆ ನ್ಯಾಯವಾದ ಕೂಲಿಯೂ ಅದೇ ಪಂಕ್ತಿಯಲ್ಲಿ ಎಲೆಯೂ ಸಲ್ಲಲಿ. ಆದರೆ ಕಾಳು ಹಸನು ಮಾಡಲು, ಗಾಳಿಸುವ ಬಟ್ಟೆ ಒಗೆದು ಒಣಗಿಸಲು, ಎಲೆ ಹಾಕಿ ನೀರು ಬಡಿಸಲು, ಬಂದವರನ್ನು ಬಾಗಿಲಲ್ಲಿ ಕೈಮುಗಿದು ಕರೆಯಲು ಮಂಡಿಯ ಬಲ ಬೇಕಿಲ್ಲ. ದಶಲಕ್ಷಣ ಪರ್ವ ಬರುವುದು ಭಾದ್ರಪದ ಶುಕ್ಲ ಪಂಚಮಿಯಿಂದ, ಮಳೆಗಾಲದಲ್ಲಿ. ಆಗ ಹಿಟ್ಟಿನ ಮರ್ಯಾದೆ ೩ ದಿನ. ಹತ್ತು ದಿನಗಳ ಪರ್ವಕ್ಕೆ ನಾಲ್ಕು ಸಲ ಕಾಳು ಹಸನಾಗಿ ನಾಲ್ಕು ಸಲ ಬೀಸಬೇಕು. ಪರ್ವಕ್ಕೆ ಮುಂಚೆ ಸೇರುವ ಮಂಡಲಿಯ ಸಭೆಯಲ್ಲಿ ಈ ನಾಲ್ಕು ಸರದಿಗಳಿಗೆ ಯಾವ ಯಾವ ಮನೆಯವರು ಬರುತ್ತಾರೆಂಬುದನ್ನು ನಿಧಿಯ ಲೆಕ್ಕಕ್ಕಿಂತ ಮೊದಲು ಗೊತ್ತುಮಾಡಿಕೊಳ್ಳಬಹುದು.